ಹಳ್ಳದ ಕೆಲಸಕ್ಕೆ ಕಾಶಿಯನ್ನು ಕರೆಯಲಿಲ್ಲ

ಕಾಶೀ, ಮುಂಬೈಯಿಂದ ಬಂದವರಿಗೆ ಕೆಲಸ ಕೊಡಬಾರದೆಂದು ಸರ್ಕಾರ ಯಾವತ್ತೂ ಹೇಳಿರಲಿಲ್ಲ. ಆ ಸುಳ್ಳು ನನ್ನದು. ಕೊರೊನಾದ ಆ ಬೇಸಿಗೆಯಲ್ಲಿ ಉದ್ಯೋಗ ಖಾತ್ರಿಗೆ ಹೆಚ್ಚು ದುಡ್ಡು ಬಂದದ್ದೇ ನಿನ್ನಂಥವರಿಗಾಗಿ — ದುಡಿಯಲು ಹೋಗಿ, ಬರಿಗೈಯಲ್ಲಿ ಊರಿಗೆ ಮರಳಿದವರಿಗಾಗಿ. "ಹೊರಗಿಂದ ಬಂದವರ್ನ ಮೊದ್ಲು ಕರೀರಿ" ಎಂದು ಪಂಚಾಯಿತಿಯಲ್ಲಿ ನಮ್ಮನ್ನೆಲ್ಲ ಕೂಡಿಸಿ ಹೇಳಿದ್ದರು. ನಾನೂ ತಲೆಯಾಡಿಸಿ ಬಂದಿದ್ದೆ.

ಹಳ್ಳದ ಹೂಳು ತೆಗೆಯುವ ನಮ್ಮ ಹೆಂಗಸರ ಗುಂಪಿಗೆ ನಾನೇ ಮುಂದಾಳು. ಯಾರನ್ನು ಕರೆಯಬೇಕೆಂಬುದು ನನ್ನ ಮಾತು. ನೀನು ಶಾಲೆಯಲ್ಲಿ ಕ್ವಾರಂಟೈನ್ ಮುಗಿಸಿ, ತಪಾಸಣೆಯಲ್ಲಿ ಏನೂ ಇಲ್ಲವೆಂದು ಮನೆಗೆ ಬಂದಿದ್ದೆ. ಆದರೂ ನನಗೆ ಅಂಜಿಕೆ. ಅಂಜಿಕೆ ಕೆಲಸದ್ದಲ್ಲ — ಬಯಲಲ್ಲಿ ದೂರದೂರ ನಿಂತು ಅಗೆಯಬಹುದಿತ್ತು. ಊಟದ್ದು. ನಮ್ಮಲ್ಲಿ ಯಾರೂ ತಮ್ಮ ಬುತ್ತಿ ತಾವೇ ಉಣ್ಣುವುದಿಲ್ಲವಲ್ಲ! ಎಲ್ಲರ ರೊಟ್ಟಿ, ಎಲ್ಲರ ಪಲ್ಯ ನಡುವೆ ಒಂದೇ ಅರಿವೆಯ ಮೇಲೆ, ಎಲ್ಲರ ಕೈ ಅದರಲ್ಲೇ. ನಿನಗೆ ಮಾತ್ರ ದೂರ ಕೂತು ಉಣ್ಣು ಎಂದು ಹೇಗೆ ಹೇಳಲಿ? ಎಲ್ಲರೂ ಬೇರೆ ಬೇರೆ ಉಣ್ಣೋಣ ಎಂದಿದ್ದರೆ ಮುಗಿಯುತ್ತಿತ್ತು — ಅಷ್ಟೂ ಹೊಳೆಯಲಿಲ್ಲ ಈ ಮಂಕುತಲೆಗೆ. ಉಳಿದವರು ಅಂಜುತ್ತಿದ್ದರು ಎನ್ನಬಹುದು. ಆದರೆ ಅವರನ್ನು ನಾನು ಕೇಳಿದ್ದೇ ಇಲ್ಲ.

ನೀನು ಮೊಮ್ಮಗನನ್ನು ಎತ್ತಿಕೊಂಡು ನಮ್ಮ ಅಂಗಳಕ್ಕೆ ಬಂದೆ.

"ಅಕ್ಕಾ, ಕೆಲ್ಸ ಚಾಲೂ ಆಗ್ಯಾದಂತಲ್ಲ. ನಾಳಿಂದ ಬರ್ಲೇನು?"

"ಮುಂಬೈಲಿಂದ ಬಂದೋರಿಗಿ ಕೊಡಬ್ಯಾಡ ಅಂತ ಸರ್ಕಾರದ ಆರ್ಡರ್ ಆಗ್ಯಾದ ಬೇ."

ಬೈದಿದ್ದರೆ ಚೆನ್ನಾಗಿತ್ತು. ನೀನು ನನ್ನನ್ನೇ ಸಮಾಧಾನ ಮಾಡಿದೆ — "ಹೋಗ್ಲಿ ಬಿಡಕ್ಕ, ನಿಂದೇನ್ ತಪ್ಪದ? ಮನಸಿಗಿ ಹಚ್ಕೋಬ್ಯಾಡ."

ಆ ವಾರವೇ ನೀನು ಮನೆಯಲ್ಲಿದ್ದ ಆಡು ಮಾರಿದೆ. ಮೊಮ್ಮಗ ಅದರ ಹಾಲನ್ನೇ ಕುಡಿಯುತ್ತಿದ್ದ. ಮಳೆ ಬಿದ್ದ ಮೇಲೆ ಸೊಸೆಯನ್ನೂ ಕರೆದುಕೊಂಡು, ಅರ್ಧ ಕೂಲಿಗೆ ಕಳೆ ಕೀಳಲು ಜೇವರ್ಗಿ ಕಡೆಗೆ ಹೋದೆ. ಅಲ್ಲಿಂದ ಮತ್ತೆ ಮುಂಬೈ. ಹಳ್ಳದಲ್ಲಿ ನಮ್ಮ ಊಟ ಮೊದಲಿನಂತೆಯೇ ನಡೆಯಿತು. ನಾನೂ ಉಂಡೆ, ಹೊಟ್ಟೆ ತುಂಬ ಉಂಡೆ — ಅದನ್ನೂ ಮುಚ್ಚಿಡುವುದಿಲ್ಲ.

ಮೊನ್ನೆ ನೀವೆಲ್ಲ ಊರಿಗೆ ಬಂದಿರಿ. ಕೆಲಸ ಕೇಳಲು ನಿನ್ನ ಸೊಸೆ ನನ್ನ ಹತ್ತಿರ ಬಂದಳು. ಬಾಯಿ ತೆರೆಯುವಷ್ಟರಲ್ಲಿ ನೀನು ಹಿಂದಿನಿಂದ ಬಂದು ಅವಳ ರಟ್ಟೆ ಹಿಡಿದೆ.

"ಕೇಳಬ್ಯಾಡ ಬೇ. ಇಲ್ಲ ಅನ್ಲಾಕ ಅಕ್ಕಗ ಭಾಳ ತ್ರಾಸ ಆಗ್ತದ."

ಅಯ್ಯೋ ಕಾಶೀ! ಇಷ್ಟು ವರ್ಷ ನೀನು ನನ್ನ ಸಂಕಟವನ್ನು ನೆನೆದು ಮರುಗಿದ್ದೀಯ. ಇಲ್ಲದ ಸಂಕಟವನ್ನು. ನಾಳೆಯಿಂದ ಬಾ ಎಂದು ನಾನು ನಿನ್ನ ಸೊಸೆಗೆ ಹೇಳಿದೆ. ನೀನು ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡೆ. ಆಗಲೇ ಹೇಳಬೇಕಿತ್ತು, ಹೇಳಲಿಲ್ಲ.

ಇವತ್ತು ನಿಮ್ಮ ಮನೆಗೆ ಬರುತ್ತೇನೆ. ನಿನ್ನ ಸೊಸೆಯ ಎದುರಿಗೇ ಇಷ್ಟನ್ನೂ ಹೇಳುತ್ತೇನೆ. ಆಮೇಲೆ ನನ್ನನ್ನು ಅಕ್ಕ ಎನ್ನುವುದೋ ಬಿಡುವುದೋ, ನಿನಗೆ ಸೇರಿದ್ದು.