ಬೀಸುವ ಪೆಟ್ಟಿಗೆ

ಹೋದ ಭಾನುವಾರ ಬೀರುವಿನ ಮೇಲಿದ್ದ ಹಳೆಯ ಪುಟ್ಟ ಲ್ಯಾಪ್‌ಟಾಪನ್ನು ಇಳಿಸಿ, ಇನ್ನೂ ಜೀವ ಇದೆಯೋ ಇಲ್ಲವೋ ನೋಡೋಣವೆಂದು ಚಾಲೂ ಮಾಡಿದೆ. ಐದು ನಿಮಿಷಕ್ಕೆಲ್ಲ ಅದರ ಪಕ್ಕದ ಕಿಂಡಿಯಿಂದ ಬಿಸಿ ಗಾಳಿ ಬಂತು. ಗಾಳಿಯ ಜೊತೆ ಒಂದು ವಾಸನೆ. ಕಾದ ಧೂಳಿನದು, ಅದರೊಳಗೆ ಎಲ್ಲೋ ಒಂದೆಳೆ ಸೀದ ರಾಗಿಹಿಟ್ಟಿನದು. ಬೇರೆ ಯಾರಿಗಾದರೂ ಅದು ಕೆಡುತ್ತಿರುವ ಯಂತ್ರದ ವಾಸನೆ. ನನಗೆ ಮಾತ್ರ ಗಂಡಸಿ ಪಕ್ಕದ ನಮ್ಮೂರು, ಎದುರುಮನೆಯ ನಡುಮನೆ, ಗೋಡೆಗೆ ಒರಗಿ ಕಾಲು ಚಾಚಿ ಕೂತ ದೊಡ್ಡವ್ವ...

ದೊಡ್ಡವ್ವ ಎಂದರೆ ರಕ್ತಸಂಬಂಧವೇನಲ್ಲ. ನಮ್ಮವ್ವ ಹಳೇಬೀಡಿನ ಕಡೆಯಿಂದ ಮದುವೆಯಾಗಿ ಆ ಊರಿಗೆ ಬಂದಾಗ ಎದುರುಮನೆಯಲ್ಲಿ ಇದ್ದವಳು ಅವಳು; ವಯಸ್ಸಿನಲ್ಲಿ ನಮ್ಮವ್ವನಿಗಿಂತ ಹಿರಿಯಳು. ಅವ್ವ ಅವಳನ್ನು ಅಕ್ಕಯ್ಯ ಎಂದಳು, ನಾನು ದೊಡ್ಡವ್ವ ಎಂದೆ. ಎರಡು ಮನೆಗೂ ಸೇರಿ ಒಂದೇ ರಾಗಿ ಬೀಸುವ ಕಲ್ಲು, ಅದು ಅವಳ ಮನೆಯಲ್ಲಿತ್ತು. ಬೆಳಗಿನ ಜಾವ ಇಬ್ಬರೂ ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸುತ್ತಿದ್ದರು, ಪದ ಹೇಳುತ್ತಿದ್ದರು. ನಾನು ಅವ್ವನ ತೊಡೆಯ ಪಕ್ಕ ಅರೆನಿದ್ದೆಯಲ್ಲಿ ಬಿದ್ದಿರುತ್ತಿದ್ದೆ. ಗಂಡಸಿಗೆ ಹಿಟ್ಟಿನ ಮಿಲ್ ಬಂದ ಮೇಲೆ ಬೀಸುವುದು ನಿಂತಿತು, ಪದವೂ ನಿಂತಿತು. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅವ್ವನೂ ಹೋದಳು.

ಅವ್ವನ ಪದಗಳಲ್ಲಿ ನನಗೆ ಉಳಿದದ್ದು ಒಂದೇ ಸಾಲು. 'ಕೆರೆ ಏರಿ ಮ್ಯಾಲೆ ಹಾದು ಬಾರೇ ಅಕ್ಕಯ್ಯ.' ಹಿಂದಿಲ್ಲ, ಮುಂದಿಲ್ಲ. ಐವತ್ತು ದಾಟಿದ ಮೇಲೆ ಆ ಸಾಲು ಹಲ್ಲಿನ ಸಂದಿಗೆ ಸಿಕ್ಕ ತೆಂಗಿನ ನಾರಿನಂತೆ ಕಾಡತೊಡಗಿತು. ಹಗರೆಯಲ್ಲಿದ್ದ ಸೋದರಮಾವನನ್ನು ಕೇಳಿದೆ. "ಹೆಂಗಸ್ರು ಬೀಸೋ ಪದ ನಂಗೇನ್ ಗೊತ್ತಪ್ಪ, ನಾವು ಹಾಲು ಕರ್ಯೋರು" ಎಂದುಬಿಟ್ಟ. ಇನ್ನು ಉಳಿದವಳು ದೊಡ್ಡವ್ವ ಒಬ್ಬಳೇ. ಅವಳಿಗೆ ಆಗಲೇ ಎಂಬತ್ತು ದಾಟಿತ್ತು. ಅವಳ ಬಾಯಿಂದ ಆ ಪದವನ್ನು ಪೂರ್ತಿಯಾಗಿ ಹಿಡಿದಿಟ್ಟುಕೊಳ್ಳಬೇಕು; ಇಲ್ಲದಿದ್ದರೆ ಅವಳ ಜೊತೆಗೇ ಅದೂ ಹೋಗುತ್ತದೆ ಎಂಬ ಹೆದರಿಕೆ ನನಗೆ ಹತ್ತಿತು.

ಮೊಬೈಲಿನಲ್ಲೇ ಹಿಡಿಯಬಹುದಿತ್ತಲ್ಲ ಎನ್ನುತ್ತೀರಿ. ಹಿಡಿದು ನೋಡಿದೆ. ದೊಡ್ಡವ್ವನ ಲೆಕ್ಕದಲ್ಲಿ ಮೊಬೈಲ್ ಇರುವುದು ದೂರದವರ ಜೊತೆ ಮಾತಾಡುವುದಕ್ಕೆ. ಮುಂದಿಟ್ಟ ಕೂಡಲೇ "ಯಾರು? ಯಾರು ಆ ಕಡೆ?" ಎಂದು ಕೂಗುತ್ತಿದ್ದಳು. ಯಾರೂ ಇಲ್ಲ, ಸುಮ್ಮನೆ ಹೇಳು ಎಂದರೆ, ಯಾರೂ ಇಲ್ಲದವರಿಗೆ ಯಾಕೆ ಹೇಳಬೇಕು ಎಂದು ನ್ಯಾಯವಾಗಿಯೇ ಕೇಳುತ್ತಿದ್ದಳು. ಅದಕ್ಕೇ ನನ್ನ ಪುಟ್ಟ ಲ್ಯಾಪ್‌ಟಾಪಿಗೆ ಒಂದು ಮೈಕ್ ಸಿಕ್ಕಿಸಿಕೊಂಡು, ಅರಸೀಕೆರೆಯಿಂದ ಸ್ಕೂಟರಿನಲ್ಲಿ ಭಾನುವಾರ ಭಾನುವಾರ ಹೋಗತೊಡಗಿದೆ. ಅದನ್ನು ಅವಳು ಪೆಟ್ಟಿಗೆ ಎಂದು ಕರೆದಳು. ಪೆಟ್ಟಿಗೆಯ ಮುಂದೆ ಅವಳಿಗೆ ಯಾವ ಸಂಕೋಚವೂ ಇರಲಿಲ್ಲ.

ಆ ಪೆಟ್ಟಿಗೆಯ ಗುಣವನ್ನೂ ಹೇಳಬೇಕು. ತಟ್ಟೆಯಷ್ಟು ಅಗಲ, ಒಳಗೆ ಬಿಸ್ಕತ್ತಿನಷ್ಟು ದೊಡ್ಡ ಫ್ಯಾನು. ಕೆಲಸ ಶುರುವಾದ ಹತ್ತು ನಿಮಿಷಕ್ಕೆ ತಳ ಹೆಂಚಿನಂತೆ ಕಾಯುತ್ತಿತ್ತು. ಫ್ಯಾನು ಮೊದಲು ಗುಂಯ್ ಎಂದು, ಆಮೇಲೆ ಘುರ್ರೆಂದು ಎದ್ದರೆ ಮತ್ತೆ ಇಳಿಯುತ್ತಿರಲಿಲ್ಲ. ಮೂರು ಭಾನುವಾರ ದೊಡ್ಡವ್ವ ಪದದ ಮೇಲೆ ಪದ ಹೇಳಿದಳು. ಮನೆಗೆ ಬಂದು ಕೇಳಿದರೆ ಅವಳ ದನಿಯ ಮೇಲೆಲ್ಲ ಈ ಘುರ್ರು.

ನಾಲ್ಕನೆಯ ಭಾನುವಾರ ಅವಳು ತಾನಾಗಿಯೇ "ನಿನ್ನ ತೌರೂರ ದಾರಿ ಯಾವ್ದೇ..." ಎಂದು ಎತ್ತಿದಳು. ಅವ್ವನ ಆ ಒಂದು ಸಾಲಿನದೇ ಧಾಟಿ. ಇದೇ ಅದು ಎಂದು ಗೊತ್ತಾಯಿತು. ಆಗ ನಾನು ಮಾಡಿದ್ದೇನು? ಕೈ ಎತ್ತಿ ಅವಳನ್ನು ನಿಲ್ಲಿಸಿದೆ.

"ತಡಿ ದೊಡ್ಡವ್ವ. ಇದು ಚೆನ್ನಾಗ್ ಬರ್ಬೇಕು. ಈ ಸದ್ದು ನಿಲ್ಲಿಸ್ಕಂಡು ಬತ್ತೀನಿ, ಆಮ್ಯಾಕೆ ಹೇಳೀವಂತೆ."

"ಅದ್ಯಾಕ್ಲಾ ನಿಲ್ಲುಸ್ತೀಯ?" ಎಂದಳು. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ವಿವರಿಸುವುದು ನನ್ನ ಚಟ, ಕೇಳಿಸಿಕೊಳ್ಳುವುದು ಕಡಿಮೆ. ಫ್ಯಾನು, ಬಿಸಿ, ಗಾಳಿ ಎಂದು ಏನೇನೋ ಹೇಳಿ ಎದ್ದು ಬಂದೆ.

ಮುಂದಿನ ಹದಿನೈದು ದಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಊಟ ನಡೆಯಲಿಲ್ಲ. ತಳದ ಸ್ಕ್ರೂಗಳನ್ನು ಬಿಚ್ಚಿ ಇಡ್ಲಿ ತಟ್ಟೆಯ ಕುಳಿಗಳಲ್ಲಿ ಸಾಲಾಗಿ ಇಟ್ಟುಕೊಂಡೆ. ಒಳಗೆ ನೋಡಿದರೆ ಫ್ಯಾನಿನ ರೆಕ್ಕೆಗಳಿಗೆ ಧೂಳು, ಧೂಳಿನ ಮೇಲೆ ದೊಡ್ಡವ್ವನ ಮನೆಯ ಹಿಟ್ಟು. ಬಿಸಿ ದಾಟಿಸಲೆಂದು ಹಚ್ಚುವ ಪೇಸ್ಟು ಹಳೇ ಗೋಡೆಯ ಸುಣ್ಣದ ಹಾಗೆ ಉದುರುತ್ತಿತ್ತು. ಕೆರೆದು ಹೊಸದು ಹಚ್ಚಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಪಾತ್ರೆ ಅಂಗಡಿಯಿಂದ ತಾಮ್ರದ ತಗಡಿನ ಚೂರು ತಂದು, ಉಜ್ಜಿ ನಯ ಮಾಡಿ, ಬಿಸಿಯಾಗುವ ಕಡೆಯಿಂದ ಅಂಚಿನವರೆಗೆ ಹಾಸಿ, ಬೇರೆಲ್ಲೂ ತಗಲದಂತೆ ಟೇಪು ಸುತ್ತಿದೆ. ಫ್ಯಾನಿನ ನೇರಕ್ಕೆ ತಳದ ಮುಚ್ಚಳದಲ್ಲಿ ಕಾದ ಕಬ್ಬಿಣದ ಕಡ್ಡಿಯಿಂದ ತೂತುಗಳನ್ನು ಮಾಡಿ, ಹಳೇ ಟೀ ಸೋಸುವ ಜಾಲರಿಯನ್ನು ಕತ್ತರಿಸಿ ಒಳಗಿನಿಂದ ಅಂಟಿಸಿದೆ. ಗಾಳಿ ಆಡಲೆಂದು ನಾಲ್ಕು ಮೂಲೆಗೂ ಹವಾಯಿ ಚಪ್ಪಲಿಯ ರಬ್ಬರಿನ ಕಾಲು.

ನಡುವೆ ಒಂದು ದಿನ ಫ್ಯಾನೇ ಬೇಡವೆಂದು ಅದರ ತಂತಿ ಕಿತ್ತು ನೋಡಿದ್ದೂ ಉಂಟು. ಏಳೇ ನಿಮಿಷಕ್ಕೆ ಪರದೆ ಕಪ್ಪಾಯಿತು. "ಸುಮ್ನಿರಲಾರ್ದೆ ಇರುವೆ ಬಿಟ್ಕೊಂಡ್ರು ಅನ್ನೋದು ಇದಕ್ಕೇ ರೀ. ನಿಮ್ಮ ಆಪರೇಷನ್ ಮುಗ್ದಿದ್ರೆ ನನ್ನ ಇಡ್ಲಿ ತಟ್ಟೆ ಕೊಡಿ" ಎಂದಳು ನನ್ನ ಹೆಂಡತಿ. ತಂತಿಯನ್ನು ಮತ್ತೆ ಜೋಡಿಸಿದೆ. ಕೊನೆಗೆ ಯಂತ್ರದ ವೇಗವನ್ನೂ ಸ್ವಲ್ಪ ತಗ್ಗಿಸಿದ ಮೇಲೆ ಅದು ದಾರಿಗೆ ಬಂತು. ಒಂದು ಗಂಟೆ ನಡೆಸಿ ತಳ ಮುಟ್ಟಿದರೆ ಆಗತಾನೇ ಕರೆದ ಹಾಲಿನಷ್ಟು ಬೆಚ್ಚಗೆ. ಫ್ಯಾನು ತಿರುಗುತ್ತಿದೆಯೋ ಇಲ್ಲವೋ ಎಂದು ಕಿವಿ ಇಟ್ಟು ಕೇಳಬೇಕು. ಆ ದಿನ ನನಗಾದ ಖುಷಿ ಕೆಲಸ ಸಿಕ್ಕ ದಿನವೂ ಆಗಿರಲಿಲ್ಲ.

ಭಾನುವಾರ ಹೋಗಿ ದೊಡ್ಡವ್ವನ ಮುಂದೆ ಇಟ್ಟೆ. ಈಗ ಹೇಳು ಎಂದೆ. ಅವಳು ಗಂಟಲು ಸರಿಮಾಡಿಕೊಂಡು "ನಿನ್ನ ತೌರೂರ..." ಎಂದಳು. ನಿಂತಳು. ಮತ್ತೆ ಮೊದಲಿಂದ ಎತ್ತಿದಳು, ಮತ್ತೆ ಅಲ್ಲಿಗೇ ನಿಂತಳು. "ತಡಿ ಮಗ, ಬತ್ತದೆ" ಎಂದು ಸೂರು ನೋಡಿದಳು. ಬರಲಿಲ್ಲ. ಹಿಂದೆ ಸಲೀಸಾಗಿ ಹೇಳಿದ್ದ ಬೇರೆ ಪದಗಳೂ ಎರಡನೇ ಸಾಲಿಗೆ ಮುಗ್ಗರಿಸಿದವು. ಮುಂದಿನ ಭಾನುವಾರವೂ ಅದೇ ಕಥೆ. "ವಯ್ಸಾಯ್ತು ಕಣಪ್ಪ" ಎಂದು ನಕ್ಕಳು; ಆ ನಗೆಯಲ್ಲಿ ನಾಚಿಕೆ ಇತ್ತು. ಆ ದಿನ ಸ್ಕೂಟರಿನಲ್ಲಿ ವಾಪಸ್ಸು ಬರುವಾಗ ನನ್ನನ್ನು ನಾನೇ ಬೈದುಕೊಂಡದ್ದಕ್ಕೆ ಮಿತಿಯಿಲ್ಲ. ಅವಳೇ ಬಾಯಿಬಿಟ್ಟು ಹಾಡುತ್ತಿದ್ದಾಗ ಕೈ ಎತ್ತಿ ನಿಲ್ಲಿಸಿದವನು ನಾನು. ಆ ಹದಿನೈದು ದಿನದಲ್ಲೇ ಪದ ಅವಳ ತಲೆಯಿಂದ ಜಾರಿಹೋಯಿತು ಎಂದೇ ನಂಬಿದೆ.

ಮೂರನೇ ವಾರ ಹೋದಾಗ ಆಸೆ ಬಿಟ್ಟಿದ್ದೆ. ಸುಮ್ಮನೆ ಕಾಫಿ ಕುಡಿದು ಬರೋಣವೆಂದೇ ಹೋಗಿದ್ದು, ಪೆಟ್ಟಿಗೆ ಮಾತ್ರ ಅಭ್ಯಾಸಬಲದಿಂದ ಜೊತೆಗಿತ್ತು. ದೊಡ್ಡವ್ವ ಪೆಟ್ಟಿಗೆಯನ್ನು ತುಂಬ ಹೊತ್ತು ನೋಡಿದಳು.

"ಇದ್ಯಾಕ್ ಮಗ, ಈಗೀಗ ಬೀಸಾದೇ ಇಲ್ವಲ್ಲ ಇದು?"

ನನಗೆ ಅರ್ಥವಾಗಲಿಲ್ಲ. ಏನು ಬೀಸುವುದು ಎಂದೆ.

"ಮದ್ಲು ಬಂದಾಗ ಚೆಂದಾಗಿ ಬೀಸ್ತಿತ್ತು. ಅದರ್ ಪಾಡಿಗ್ ಅದು ತಿರುಗ್ತಿತ್ತು, ನನ್ ಪಾಡಿಗ್ ನಾನು ಹೇಳ್ತಿದ್ದೆ. ಈಗ ಮೂಗನ ತರ ಕೂತೈತೆ. ಕಲ್ಲೇ ತಿರುಗ್ದಿದ್ರೆ ಪದ ಎಲ್ಲಿಂದ ಬತ್ತದೆ?"

ಮೂವತ್ತು ವರ್ಷ ಮಕ್ಕಳಿಗೆ ಶಬ್ದದ ಪಾಠ ಹೇಳಿದ ಮೇಷ್ಟ್ರಿಗೆ ಇದು ಹೊಳೆದಿರಲೇ ಇಲ್ಲ. ನಾನು ಗಲಾಟೆ ಎಂದುಕೊಂಡಿದ್ದನ್ನು ಹಿಡಿದುಕೊಂಡೇ ಅವಳು ಅಷ್ಟೂ ಪದ ಹೇಳಿದ್ದಳು. ಕಲ್ಲನ್ನೇ ತಂದು ತಿರುಗಿಸೋಣವೆಂದರೆ ಅದು ಎಂದೋ ಹಿತ್ತಿಲಿನ ಬಟ್ಟೆ ಒಗೆಯುವ ಕಟ್ಟೆಗೆ ಸಿಮೆಂಟಿನಲ್ಲಿ ಸೇರಿಹೋಗಿತ್ತು. ಉಳಿದದ್ದು ಒಂದೇ ದಾರಿ, ನನ್ನ ಪೆಟ್ಟಿಗೆಯ ಬಾಯಿ ಮತ್ತೆ ಬಿಡಿಸುವುದು.

"ದೊಡ್ಡವ್ವ, ಒಂದು ಕಂಬಳಿ ಕೊಡು" ಎಂದೆ. ಕರಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು ಒತ್ತಿದೆ. ರಬ್ಬರಿನ ಕಾಲು ಹೂತವು, ಅಷ್ಟು ನಾಜೂಕಾಗಿ ಮಾಡಿದ ತೂತುಗಳೆಲ್ಲ ಮುಚ್ಚಿದವು. ತಗ್ಗಿಸಿದ್ದ ವೇಗವನ್ನು ಪೂರ್ತಿ ಏರಿಸಿದೆ. ಯಂತ್ರ ಕಾಯಲೆಂದು ನಾಲ್ಕು ವಿಡಿಯೋಗಳನ್ನು ದನಿ ಬರದಂತೆ ಒಟ್ಟಿಗೆ ಓಡಿಸಿದೆ, ಮೈಕನ್ನೂ ಸಿಕ್ಕಿಸಿದೆ. ಹದಿನೈದು ದಿನದ ನನ್ನ ಕೈಕೆಲಸವನ್ನು ನಾನೇ ಸೋಲಿಸಲು ಕೂತಿದ್ದೆ. ಅದು ಸುಲಭಕ್ಕೆ ಸೋಲಲೂ ಇಲ್ಲ. ಕಾಲು ಗಂಟೆ ಕಳೆಯಿತು. ಮೊದಲು ಗುಂಯ್ ಎಂದಿತು. ಆಮೇಲೆ ಘುರ್ರೆಂದು ಎದ್ದಿತು.

"ಹಾಂ... ತಿರುಗ್ತು ನೋಡು" ಎಂದಳು ದೊಡ್ಡವ್ವ. ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ಕೂತಳು. ಎದುರಿಗಿದ್ದ ನನಗೆ "ಸ್ವಲ್ಪ ಅತ್ತಗೆ ಸರ್ಕೋ" ಎಂದಳು. ಯಾಕೆಂದು ಕೇಳದೆ ಸರಿದೆ. ಅವಳ ಬಲಗೈ ಮುಷ್ಟಿಯಾಗಿ ಚಾಪೆಯ ಮೇಲೆ ಸುತ್ತತೊಡಗಿತು, ಕಣ್ಣು ಮುಚ್ಚಿತು.

"ನಿನ್ನ ತೌರೂರ ದಾರಿ ಯಾವ್ದೇ ತಂಗ್ಯವ್ವ..."

ಸಾಲು ಮುಗಿಯಿತು. ಅವಳು ಸುಮ್ಮನಾದಳು. ಮತ್ತೆ ಮರೆತಳಲ್ಲಪ್ಪ ಎಂದುಕೊಂಡೆ. ಆದರೆ ಕೈ ನಿಂತಿರಲಿಲ್ಲ. ಒಂದು ಸಾಲಿನಷ್ಟು ಹೊತ್ತು ಕಳೆದ ಮೇಲೆ ಅವಳೇ ಮುಂದಕ್ಕೆ ಎತ್ತಿದಳು.

"ನಿನ್ನ ತೌರೂರ ಬಾಗ್ಲಾಗೆ ಯಾರೇ ತಂಗ್ಯವ್ವ..."

ಮತ್ತೆ ಅಷ್ಟೇ ಹೊತ್ತು ಮೌನ. ಮತ್ತೊಂದು ಪ್ರಶ್ನೆ. ಆಗ ನನಗೆ ಹೊಳೆಯಿತು. ಅದು ಇಬ್ಬರು ಹೇಳುವ ಪದ. ಕೇಳುವವಳು ದೊಡ್ಡವ್ವ, ಉತ್ತರ ಕೊಡುವವಳು ಅವ್ವ. ಇಷ್ಟು ವರ್ಷ ಹಿಂದುಮುಂದಿಲ್ಲದೆ ನನ್ನಲ್ಲಿ ಉಳಿದಿದ್ದು ಒಂದು ಉತ್ತರ. ಕೆರೆ ಏರಿಯ ಸಾಲು ನಾಲಿಗೆಯ ತುದಿಗೇ ಬಂತು. ಮೈಕಿನ ಮುಂದೆ ಉಸಿರೆತ್ತಬಾರದು ಎಂಬ ಮೇಷ್ಟ್ರ ಬುದ್ಧಿ ನನ್ನ ಬಾಯಿ ಮುಚ್ಚಿಸಿತು. ದೊಡ್ಡವ್ವ ಹನ್ನೊಂದು ಪ್ರಶ್ನೆ ಕೇಳಿದಳು. ಹನ್ನೊಂದು ಸಲವೂ ತಂಗಿಗೆ ಹೇಳಲು ಬಿಡುವು ಕೊಟ್ಟಳು.

ಮುಗಿದ ಮೇಲೆ, ಅವ್ವನ ಸಾಲುಗಳನ್ನೂ ನೀನೇ ಹೇಳಿಬಿಡು ಎಂದು ಗೋಗರೆದೆ.

"ಅವು ನಂಗೆಲ್ಲಿ ಬತ್ತವೆ ಮಗ? ಅವಳು ದಿನಕ್ಕೊಂದು ಹೇಳೋಳು. ಒಂದಿನ ಕೆರೆ ಏರಿ ಅನ್ನೋಳು, ಒಂದಿನ ಗುಡಿ ಬಾಗ್ಲು ಅನ್ನೋಳು. ನಂಗೆ ನಗು ಬಂದು ಕಲ್ಲು ನಿಂತೋಗೋದು. ತೌರೂರ ದಾರಿ ಹನ್ನೆರಡು ತರ ಹೇಳ್ತೀಯಲ್ಲೇ, ಯಾವ್ದೇ ನಿಜ ಅಂದ್ರೆ, ಎಲ್ಲಾ ದಾರಿನೂ ಅಲ್ಗೇ ಹೋಯ್ತವೆ ಅನ್ನೋಳು."

ಅವ್ವ ಪದ ಕಟ್ಟುತ್ತಿದ್ದಳು ಎಂದು ನನಗೆ ಗೊತ್ತಾದದ್ದು ಆಗ. ಹುಡುಕಿ ಹೋದ ಪದ ಸಿಗಲಿಲ್ಲ. ಅದು ಪೂರ್ತಿಯಾಗಿ ಎಂದೂ ಇರಲೇ ಇಲ್ಲ. ಆದರೂ ಆ ಸಂಜೆ ನಾನು ಹೊಟ್ಟೆ ತುಂಬಿದವನಂತೆ ಮನೆಗೆ ಬಂದೆ. ನನ್ನ ಅವ್ವ ಬೆಳಗಿನ ಜಾವ ಯಾರನ್ನೋ ನಗಿಸುತ್ತಿದ್ದಳು. ಅಷ್ಟು ತಿಳಿದದ್ದು ನನಗೆ ಸಾಕಾಗಿತ್ತು, ಈಗಲೂ ಸಾಕು.

ಅದರ ಮುಂದಿನ ದೀಪಾವಳಿಗೆ ದೊಡ್ಡವ್ವ ಇರಲಿಲ್ಲ. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲವಂತೆ. ಎದುರುಮನೆಯ ಜಗಲಿ ಖಾಲಿಯಾದ ಮೇಲೆ ಆ ಬೀದಿಯಲ್ಲಿ ನನ್ನನ್ನು ಮಗ ಎನ್ನುವವರು ಯಾರೂ ಉಳಿದಿಲ್ಲ. ಊರಿಗೆ ಹೋದರೆ ಈಗ ಎಲ್ಲರೂ ಸಾರ್ ಎನ್ನುತ್ತಾರೆ.

ಪದವನ್ನು ಆಗಾಗ ಹಾಕಿಕೊಂಡು ಕೇಳುತ್ತೇನೆ. ಹಾಸನದಲ್ಲಿ ಓದುತ್ತಿರುವ ಮಗಳು ಮೊನ್ನೆ ಬಂದವಳು, "ಅಪ್ಪ, ಇದ್ರಲ್ಲಿ ಬರೀ ಫ್ಯಾನ್ ಸೌಂಡೇ ಇದೆಯಲ್ಲ, ಈಗ ಅದನ್ನ ನೀಟಾಗಿ ತೆಗೀಬಹುದು" ಎಂದು ತನ್ನ ಕಂಪ್ಯೂಟರಿಗೆ ಹಾಕಿಕೊಂಡು, ಹತ್ತು ನಿಮಿಷದಲ್ಲಿ ಹೊಸ ಪ್ರತಿ ಮಾಡಿಕೊಟ್ಟಳು. ನಾನು ಹದಿನೈದು ದಿನ ಒದ್ದಾಡಿದ್ದನ್ನು ಹತ್ತು ನಿಮಿಷದಲ್ಲಿ ಮಾಡಿದಳಲ್ಲ ಎಂದು ಹೆಮ್ಮೆಯೇ ಆಯಿತು. ದೊಡ್ಡವ್ವನ ದನಿ ಪಕ್ಕದಲ್ಲೇ ಕೂತಂತೆ ಸ್ಪಷ್ಟವಾಗಿತ್ತು. ಮೊದಲ ಪ್ರಶ್ನೆ ಕೇಳಿದಳು, ಆಮೇಲೆ ಏನೂ ಇಲ್ಲ, ಕಲ್ಲು ತಿರುಗುವ ಸದ್ದೂ ಇಲ್ಲ. ಎರಡನೆಯದು ಕೇಳಿದಳು, ಆಮೇಲೆ ಏನೂ ಇಲ್ಲ. ಮೂರನೆಯದಕ್ಕೆ ನಿಲ್ಲಿಸಿಬಿಟ್ಟೆ. ಆ ಪ್ರತಿಯಲ್ಲಿ ದೊಡ್ಡವ್ವ ಒಬ್ಬಳೇ ಇದ್ದಳು.