ಇಸ್ಮೇಯ ಮನೆ ಗುಡ್ಡ ಹತ್ತಿತು

ನಮ್ಮ ಬಾರ್ಬಡೋಸಿನಲ್ಲಿ ಬಡವರ ಮನೆಗೆ ತಳಪಾಯವಿಲ್ಲ. ನೆಲ ಧಣಿಯದು, ಮೇಲಿನ ಮರದ ಮನೆಯಷ್ಟೇ ನಮ್ಮದು. ಧಣಿ ಮುನಿದರೆ ಗೋಡೆ ಬಿಚ್ಚಿ, ಲಾರಿಗೆ ಹೇರಿ, ಬೇರೆ ಕಡೆ ನಾಲ್ಕು ಕಲ್ಲಿನ ಮೇಲೆ ಕೂರಿಸಿದರಾಯಿತು. ಮೀನು ಕೊಯ್ಯುವ ಇಸ್ಮೇಯ ಮನೆಯೂ ಅವಳ ಅಮ್ಮನ ಕಾಲದಿಂದ ಹೀಗೇ ಊರೂರು ಅಲೆದು, ಕೊನೆಗೆ ಕಡಲದಂಡೆಯ ಹಳೇ ಕೋಟೆಯ ಪಕ್ಕ ಬಂದು ಕೂತಿತ್ತು.

ಅಲ್ಲೇ ಎಡವಟ್ಟಾಯಿತು. ಕೋಟೆ ನೋಡಲು ಬಂದ ಹೋಲ್ಡರ್ ಎಂಬ ಸ್ಮಾರಕಗಳ ಅಧಿಕಾರಿ ಇದನ್ನೂ ಕಂಡ. ವಾರದೊಳಗೆ ಬಾಗಿಲ ಪಕ್ಕದ ಗೋಡೆಗೆ, ಮೊಳೆ ಒಳಗೆ ತೂರುವಂತೆ, ಫಲಕ ಜಡಿದರು: ‘ಐತಿಹಾಸಿಕ ಮನೆ. ಅನಾದಿಯಿಂದ ಇಲ್ಲೇ ಇದೆ. ಕದಲಿಸಕೂಡದು. ಹಗಲು ಬಾಗಿಲು ಮುಚ್ಚಕೂಡದು.’

ಹಡಗಿನಿಂದ ಇಳಿದ ಪ್ರವಾಸಿಗರು ಮರಳಲ್ಲಿ ಮೈ ಕಾಯಿಸಿಕೊಂಡು, ಕೋಟೆ ಸುತ್ತಿ, ನೇರ ಇಸ್ಮೇಯ ಅಡುಗೆಮನೆಗೆ ನುಗ್ಗತೊಡಗಿದರು. ಒಬ್ಬಳು ಪಾತ್ರೆಯ ಮುಚ್ಚಳ ತೆಗೆದು, “ವಾಸನೆ ಕೂಡ ನಿಜವಾದ್ದೇ ಇಟ್ಟಿದ್ದಾರೆ!” ಎಂದಳು.

“ಅದು ನನ್ನ ಊಟ ಕಣಮ್ಮಾ, ಮುಚ್ಚು!”

“ಎಷ್ಟು ಚೆನ್ನಾಗಿ ನಟಿಸ್ತಾಳೆ!” ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಇಸ್ಮೇ ಇದನ್ನೆಲ್ಲ ನುಂಗಿಕೊಂಡಾಳು. ಆದರೆ ಅವಳ ಅಕ್ಕ ಯೂಡೀನ್‌ಗೆ ಕಣ್ಣು ಹೋಗಿ, ಕಾಲೂ ಬಿದ್ದುಹೋಗಿತ್ತು. ಗುಡ್ಡದ ಮೇಲೆ ಸ್ವಂತ ಜಾಗವಿದ್ದ ತನ್ನ ಮಗಳ ಮನೆಯಲ್ಲಿದ್ದ ಅವಳಿಗೆ ಉಳಿದದ್ದು ಒಂದೇ ಆಸೆ, ಅಮ್ಮನ ಮನೆಯಲ್ಲಿ ಕಣ್ಣು ಮುಚ್ಚುವುದು. ಇಸ್ಮೇ ಕರೆತಂದು ಮಲಗಿಸಿದಳು. ಮರುದಿನವೇ ಒಬ್ಬ ಪ್ರವಾಸಿ, “ಮೇಣದ ಗೊಂಬೆ!” ಎಂದು ಅವಳ ಕೆನ್ನೆ ಚಿವುಟಿದ. ಗೊಂಬೆ ಚೀರಿಕೊಂಡಿತು. ಅವನೂ ಚೀರಿ ಓಡಿದ. ಅಳುತ್ತಿದ್ದ ಯೂಡೀನ್‌ಳನ್ನು ನಾವು ನೆರೆಯವರು ಮತ್ತೆ ಗುಡ್ಡಕ್ಕೆ ಹೊತ್ತೊಯ್ದೆವು.

ಇಸ್ಮೇ ಹೋಲ್ಡರನ ಬಳಿ ಹೋದಳು. ಜೊತೆಗೆ ನಾನೂ ಇದ್ದೆ.

“ಸಾರ್, ಮನೇನ ಅಕ್ಕನ ಹತ್ರ ಸಾಗಿಸ್ಬೇಕು.”

“ಇತಿಹಾಸನ ಅಲ್ಲಾಡಿಸೋಕಾಗುತ್ತೇನಮ್ಮಾ?”

“ಇತಿಹಾಸ ಬಂದಿದ್ದೇ ಲಾರೀಲಿ, ಸಾರ್.”

“ಅನಾದಿಯಿಂದ ಇಲ್ಲೇ ಇದೆ ಅಂತ ಬರೆಸಿಬಿಟ್ಟಿದ್ದೀನಲ್ಲಾ! ಈಗ ಆ ಫಲಕದ ಗತಿ ಏನು?”

“ಅದು ಅಲ್ಲೇ ಇರ್ಲಿ ಬಿಡಿ. ನಾವು ಹೋಗ್ತೀವಿ.”

ಭಾನುವಾರ ಊರೇ ಸೇರಿತು. ನಮ್ಮಲ್ಲಿ ಮನೆ ಎತ್ತಲು ಕರೆದರೆ ಬದ್ಧವೈರಿಯೂ ಸುತ್ತಿಗೆ ಹಿಡಿದು ಬರುತ್ತಾನೆ. ಇಸ್ಮೇ ಬೆಂಡೆಕಾಯಿ ಹಾಕಿ ತಿರುವಿದ ಮೆಕ್ಕೆಜೋಳದ ಮುದ್ದೆ, ಹಾರುಮೀನಿನ ಸಾರು ಬಡಿಸಿದಳು. ನಾವು ತಿಂದು, ರಮ್ ಕುಡಿದು, ಒಬ್ಬರನ್ನೊಬ್ಬರು ಬೈದುಕೊಂಡು ಗೋಡೆ ಬಿಚ್ಚಿದೆವು. ಸಂಜೆಯೊಳಗೆ ಮನೆ ಗುಡ್ಡದ ಮೇಲೆ, ಸ್ವಲ್ಪ ವಾಲಿಕೊಂಡು, ನಿಂತಿತ್ತು. ಇಸ್ಮೇ ಫಲಕವನ್ನು ಮಾತ್ರ ದಂಡೆಯಲ್ಲುಳಿದ ಕಲ್ಲುಗಳಿಗೆ ಒರಗಿಸಿ ಬಂದಿದ್ದಳು. ಸರ್ಕಾರದ ಸಾಮಾನು ನಮಗ್ಯಾಕೆ ಎಂದಳು.

ಸೋಮವಾರ ಬಸ್ಸು ಬಂತು. ಗೈಡ್ ಫಲಕ ನೋಡಿದ, ಕಲ್ಲು ನೋಡಿದ. ಆಮೇಲೆ “ಇದೇ ಆ ಐತಿಹಾಸಿಕ ಮನೆ” ಎಂದು ನಾಲ್ಕು ಕಲ್ಲು ತೋರಿಸಿದ. ಜನ ತಲೆದೂಗಿ ಫೋಟೋ ಹೊಡೆದುಕೊಂಡರು. ಹೋಲ್ಡರ್ ಬಂದು ನೋಡಿದವನು ಕಲ್ಲುಗಳ ಸುತ್ತ ಹಗ್ಗ ಕಟ್ಟಿಸಿದ.

ಆ ಸುದ್ದಿ ಹೇಳಲೆಂದು ನಾನು ಗುಡ್ಡ ಹತ್ತಿ ಹೋದೆ. ಯೂಡೀನ್ ಅಮ್ಮನ ಮಂಚದಲ್ಲಿ ಮಲಗಿ ಗೋಡೆ ಸವರುತ್ತಿದ್ದಳು. ಬೆರಳು ಫಲಕದ ಮೊಳೆ ತೂತುಗಳಲ್ಲಿ ನಿಂತಿತು.

“ಯಾರೇ ತೂತು ಹೊಡೆದಿದ್ದು? ಅಮ್ಮ ಬೈತಾಳೆ ಕಣೇ.”

“ಬೈಲಿ ಬಿಡಕ್ಕಾ. ಮನೆ ಅವಳ್ದೇ ಅಲ್ವಾ.”

“ಹೂಂ... ಬಾಗಿಲು ಹಾಕೇ.”

ಹೊರಗೆ ನಡುಹಗಲು. ಇಸ್ಮೇ ನನ್ನ ಮುಖಕ್ಕೇ ಬಾಗಿಲು ಹಾಕಿ ಚಿಲಕ ಜಡಿದಳು.