ಮೂರು ಮಧ್ಯಾಹ್ನ ಓದಿದ ಪ್ರಕಟಣೆ

ಸಮಯಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ರೇಡಿಯೋದಲ್ಲಿ ದಿನಕ್ಕೆ ಹತ್ತು ಸಲ ಗಂಟೆ ಎಷ್ಟಾಯಿತೆಂದು ಹೇಳುತ್ತಿದ್ದುದಕ್ಕೆ ಬೀದಿಯವರು ಅಂಟಿಸಿದ್ದು, ಹಾಗೇ ಅಂಟಿಕೊಂಡಿತು. ಈಗ ಅವರು ದೊಡ್ಡ ಹಾಸ್ಯಗಾರರು; ವೇದಿಕೆ ಹತ್ತಿ ಕನ್ನಡಕ ಸರಿಮಾಡಿಕೊಂಡರೂ ಸಾಕು, ಜನ ನಗಲು ಶುರುಮಾಡುತ್ತಾರೆ. ಮರ್ಯಾದೆಗೆ ಬಹುವಚನ ಬೇಕು, ಒಪ್ಪೋಣ. ಆದರೆ ಈ ಕಥೆ ನಡೆದಾಗ ಅವನಿಗಿನ್ನೂ ಇಪ್ಪತ್ತೆರಡು, ಮಾಡಿದ ಕೆಲಸಕ್ಕೆ ಏಕವಚನವೇ ಹೆಚ್ಚು.

ರೇಡಿಯೋ ದಿನಗಳ ನೆನಪು ಹೇಳಿ ಎಂದರೆ ಅವನು ನಿರ್ದೇಶಕರ ಕುರ್ಚಿ ಮುರಿದದ್ದು, ನೇರ ಪ್ರಸಾರದಲ್ಲಿ ಸೀನು ಬಂದದ್ದು, ಇಂಥವನ್ನೇ ಹೇಳಿ ಸಾಗಹಾಕುತ್ತಾನೆ. ಅಣ್ಣನ ವಿಷಯ ಮನೆಯೊಳಗೆ ಮಾತ್ರ, ಅದೂ ಹೆಂಡತಿ ಕೆದಕಿ ಕೇಳಿದರೆ.

ಅಪ್ಪನದು ಹೊಲಿಗೆ ಅಂಗಡಿ. ನಾಲ್ಕು ವರ್ಷ ದೊಡ್ಡವನಾದ ಅಣ್ಣ ಅಲ್ಲಿ ಬಟ್ಟೆ ಕತ್ತರಿಸುತ್ತಿದ್ದ. ಎಂಥ ಕೈ ಅಂತೀರಿ! ಗಿರಾಕಿ ಬಾಗಿಲಲ್ಲಿ ನಿಂತರೆ ಸಾಕು, ಟೇಪು ಹಿಡಿಯುವ ಮೊದಲೇ ಭುಜದ ಅಳತೆ ಅವನ ಕಣ್ಣಿಗೆ ಸಿಕ್ಕಿರುತ್ತಿತ್ತು. ಮಾತು ಮಾತ್ರ ಉಗ್ಗು. ಮೂವತ್ತಾರು ಎಂದು ಹೇಳಿ ಮುಗಿಸುವುದರೊಳಗೆ ಬೆವರಿಬಿಡುತ್ತಿದ್ದ. ಅದಕ್ಕೇ ಅಳತೆಯನ್ನು ಸೀಮೆಸುಣ್ಣದಿಂದ ಬಟ್ಟೆಯ ಮೇಲೆ ಬರೆದು ತೋರಿಸುತ್ತಿದ್ದ. ತಮ್ಮನ ಮಾತೋ, ಹರಳು ಹುರಿದಂತೆ.

ತಮ್ಮನಿಗೆ ರೇಡಿಯೋ ಕೆಲಸ ಕಾಯಂ ಆದ ಖುಷಿಗೆ ಮನೆಯಲ್ಲಿ ನೆಂಟರಿಷ್ಟರಿಗೆಲ್ಲ ಊಟ. ಊಟವಾದ ಮೇಲೆ ಸೋದರಮಾವ, “ಎಲ್ಲಿ, ಯಾರದಾದ್ರೂ ಅಣಕ ಮಾಡಿ ತೋರ್ಸಪ್ಪ,” ಎಂದರು. ಸಮಯಪ್ಪ ಬಸ್ ಕಂಡಕ್ಟರನನ್ನು ಮಾಡಿದ, ಹಲ್ಲಿನ ಡಾಕ್ಟರನ್ನು ಮಾಡಿದ. ಜನರ ನಗು ಅವನ ತಲೆಗೇರಿತು. ಅಣ್ಣನನ್ನೂ ಮಾಡಿಬಿಟ್ಟ: ಗಿರಾಕಿಗೆ ಸೊಂಟದಳತೆ ಹೇಳಲು ಒದ್ದಾಡುವ ಅಣ್ಣ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಪ್ಪನೂ ಕಣ್ಣೊರೆಸಿಕೊಂಡು ನಕ್ಕ. ಅಮ್ಮ ಮಾತ್ರ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅಣ್ಣ ಮುಖದಲ್ಲಿ ನಗು ಇಟ್ಟುಕೊಂಡೇ ಕೂತಿದ್ದ. ಮರುದಿನ ಬೆಳಿಗ್ಗೆ ನೋಡಿದರೆ ಅವನ ಹಾಸಿಗೆ ಮಡಿಸಿಟ್ಟಿತ್ತು, ಅವನ ಎರಡು ಜೊತೆ ಬಟ್ಟೆ ಇರಲಿಲ್ಲ.

ನಾಲ್ಕು ದಿನ ಹುಡುಕಿ ಸೋತ ಮೇಲೆ ಅಪ್ಪ ಠಾಣೆಗೆ ಹೋಗಿ ಅರ್ಜಿ ತುಂಬಿದ. ಆಗೆಲ್ಲ ಕಾಣೆಯಾದವರ ವಿವರ ಪೊಲೀಸರ ಮೊಹರಿನೊಂದಿಗೆ ರೇಡಿಯೋ ನಿಲಯಕ್ಕೆ ಬರುತ್ತಿತ್ತು. ಮಧ್ಯಾಹ್ನದ ಸುದ್ದಿ ಮುಗಿದ ಕೂಡಲೇ, ಮೂರು ದಿನ, ಬರೆದದ್ದನ್ನು ಚಾಚೂ ತಪ್ಪದೆ ಓದಬೇಕು. ಆ ವಾರ ಮಧ್ಯಾಹ್ನದ ಪಾಳಿ ಸಮಯಪ್ಪನದೇ. ಹಾಳೆಯ ಕೊನೆಯ ಸಾಲಿನಲ್ಲಿ ಗುರುತು ಎಂದಿತ್ತು. ಅದರ ಮುಂದೆ ಅಪ್ಪ ಬರೆಸಿದ್ದ: ಮಾತನಾಡುವಾಗ ಉಗ್ಗುತ್ತಾನೆ.

ಜೊತೆಯ ಹಿರಿಯ ಉದ್ಘೋಷಕಿಯನ್ನು ನಿಲಯದಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು. ಹಾಳೆ ನೋಡಿದ ಅಕ್ಕ, “ಕೊಡಪ್ಪ ಇಲ್ಲಿ, ನಾನು ಓದ್ತೀನಿ. ನಿನ್ನ ಬಾಯಲ್ಲಿ ಇದು ಬೇಡ,” ಎಂದಳು.

“ಇಲ್ಲ ಅಕ್ಕ, ನನ್ನ ದನಿ ಕೇಳಿದ್ರೆ ಅವನು ಬಂದೇ ಬರ್ತಾನೆ.”

ನಂಬಿಕೆ ನೋಡಿ ಅವನದು! ಗಂಟಲು ಸರಿಮಾಡಿಕೊಂಡು ಓದಿದ. ಎತ್ತರ, ಬಣ್ಣ, ತೊಟ್ಟ ಅಂಗಿ, ಕೊನೆಗೆ ಗುರುತು. ಒಂದಕ್ಷರ ತಡವರಿಸಲಿಲ್ಲ. ಮೂರೂ ದಿನ ಹಾಗೇ ಓದಿದ. ಗಾಜಿನಾಚೆಯಿಂದ ಎಂಜಿನಿಯರು ಚೆನ್ನಾಗಿ ಬಂತೆಂದು ಕೈ ತೋರಿಸಿದ. ಅಣ್ಣ ಬರಲಿಲ್ಲ.

“ಊರಿಗೆಲ್ಲ ಕೇಳುತ್ತಂತೆ ನಿನ್ನ ಮಾತು,” ಎಂದಳು ಅಮ್ಮ, ನಾಲ್ಕನೆಯ ದಿನ. “ಅವನೊಬ್ಬನಿಗೆ ಕೇಳಿಸ್ಲಿಲ್ವೇನೋ?” ಅವನು ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೊರಟುಹೋದ.

ಆಮೇಲೊಂದು ದಿನ ಧ್ವನಿಮುದ್ರಿಸಿಟ್ಟ ಭಾಷಣ ನಾಲ್ಕು ನಿಮಿಷ ಮೊದಲೇ ಮುಗಿಯಿತು. ಅಂಥ ಹೊತ್ತಿನಲ್ಲಿ ವಾದ್ಯಸಂಗೀತದ ಗ್ರಾಮಫೋನ್ ತಟ್ಟೆ ಹಾಕಬೇಕೆಂಬುದು ನಿಯಮ. ಸಮಯಪ್ಪ ತಟ್ಟೆ ಮುಟ್ಟಲಿಲ್ಲ. ಮೈಕಿನ ಮುಂದೆ ಬಾಗಿ ಕಥೆ ಹೇಳತೊಡಗಿದ. ಒಬ್ಬ ಪೆದ್ದ ತಮ್ಮ, ಕೆಲಸದ ಸಂದರ್ಶನಕ್ಕೆಂದು ಅಣ್ಣ ಹೊಲಿದುಕೊಟ್ಟ ಪ್ಯಾಂಟನ್ನು ಹಿಂದುಮುಂದಾಗಿ ಹಾಕಿಕೊಂಡು ಹೋದದ್ದು, ಬಾಯಿ ಬಿಟ್ಟಲ್ಲೆಲ್ಲ ಪೇಚಿಗೆ ಸಿಕ್ಕಿದ್ದು. ನಿರ್ದೇಶಕರು ಕರೆಸಿ ಚೆನ್ನಾಗಿ ಉಗಿದರು. ಆದರೆ ವಾರದೊಳಗೆ ಕಾಗದಗಳು ರಾಶಿ ಬಿದ್ದವು, ಆ ಪೆದ್ದನ ಇನ್ನೊಂದು ಕಥೆ ಬೇಕೆಂದು. ಅದೇ ನಿರ್ದೇಶಕರು ಮುಖ ಗಂಟಿಕ್ಕಿಕೊಂಡೇ ವಾರಕ್ಕೆ ಹತ್ತು ನಿಮಿಷ ಕೊಟ್ಟರು. ಅವನು ಹಾಸ್ಯಗಾರನಾದದ್ದು ಹೀಗೆ. ಪ್ರತಿ ಕಥೆಯಲ್ಲೂ ತಮ್ಮ ಪೆದ್ದ, ಅಣ್ಣ ಜಾಣ. ಕೇಳುವವರಿಗೆ ನಗು. ಅವನಿಗೆ ಮಾತ್ರ ಅದು ಅಣ್ಣನ ಕಾಲು ಹಿಡಿಯುವ ಕೆಲಸ. ಎಲ್ಲಿದ್ದಾನೋ ಗೊತ್ತಿಲ್ಲ, ಕೇಳಿಸಿಕೊಂಡು ಒಂದು ದಿನ ಮನಸ್ಸು ಕರಗಿ ಮನೆಗೆ ಬಂದಾನು ಎಂಬ ಆಸೆ. ಅಣಕ ಮಾಡುವುದನ್ನು ಅಣ್ಣ ಹೋದ ದಿನವೇ ಬಿಟ್ಟಿದ್ದ. ಹೀಗೆ ಏಳು ವರ್ಷ ಕಳೆಯಿತು. ಐದನೆಯ ವರ್ಷ ಅಮ್ಮ ತೀರಿಕೊಂಡಳು.

ಏಳನೆಯ ವರ್ಷ ಒಂದು ಮಧ್ಯಾಹ್ನ ಕಾವಲುಗಾರ ಬಂದು, “ಸಾರ್, ಗೇಟಲ್ಲಿ ಯಾರೋ ನಿಂತಿದಾರೆ. ಹೆಸರು ಕೇಳಿದ್ರೆ ಸುಮ್ನೆ ನಿಮ್ಮ ಹೆಸರು ಬರೆದ ಚೀಟಿ ತೋರಿಸ್ತಾರೆ,” ಎಂದ.

ಸಮಯಪ್ಪ ಕುರ್ಚಿ ಬಿಟ್ಟೆದ್ದ. ಓಡಿದ. ಅಣ್ಣನೇ. ಕಿವಿಯ ಬಳಿ ಕೂದಲು ನರೆತಿತ್ತು, ತೊಟ್ಟ ಅಂಗಿ ಮಾತ್ರ ಅಳತೆಗೆ ಸರಿಯಾಗಿ ಕೂತಿತ್ತು. ಇಬ್ಬರೂ ಗೇಟಿನಾಚೆಯ ಕಲ್ಲುಬೆಂಚಿನ ಮೇಲೆ ಕೂತರು. ಅಲ್ಲಿ ಅಣ್ಣ ಆಡಿದ ಮಾತು ಎಲ್ಲೆಲ್ಲಿ ತಡೆಯಿತು, ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬೇಕೆಂದವರು ಬೇರೆ ಕಡೆ ಓದಿಕೊಳ್ಳಲಿ.

“ನೀನು ಓದಿದ್ದನ್ನ ಮೊದಲ್ನೇ ದಿನಾನೇ ಕೇಳಿದೆ,” ಎಂದ ಅಣ್ಣ. “ಸಿಟ್ಟು ಇಳಿದಿತ್ತು, ಮನೆಗೆ ಟಿಕೆಟ್ ತಗೊಂಡಿದ್ದೆ. ಬಸ್ ಸ್ಟ್ಯಾಂಡಿನ ಟೀ ಅಂಗಡೀಲಿ ಕೂತಿದ್ದೆ. ನೀನು ಎತ್ತರ ಓದಿದೆ, ಅಂಗಿ ಬಣ್ಣ ಓದಿದೆ, ಯಾರೂ ನನ್ನ ಕಡೆ ತಿರುಗಲಿಲ್ಲ. ಆಮೇಲೆ ಅದನ್ನ ಓದಿದೆ. ಪಕ್ಕದವನು, ನಿನ್ನ ಹೆಸರೇನಪ್ಪ, ಅಂದ. ಬಾಯಿ ಬಿಟ್ರೆ ಅಂಗಡಿಯವರೆಲ್ಲ ನೋಡ್ತಾರೆ. ಎದ್ದು ಬೇರೆ ಬಸ್ಸು ಹತ್ತಿದೆ.”

“ಅದು ಅಪ್ಪ ಬರೆಸಿದ್ದು, ಅಣ್ಣಾ.”

“ಓದಿದ್ದು ನೀನು. ಎಷ್ಟು ಚೆನ್ನಾಗಿ ಓದಿದೆ!”

ಸಮಯಪ್ಪ ತಲೆ ತಗ್ಗಿಸಿದ. ತಪ್ಪಾಯಿತು ಎಂದು ಏಳು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದವನಿಗೆ ಎದುರಿಗೇ ಕೂತಾಗ ಅದು ಬಾಯಿಗೆ ಬರಲಿಲ್ಲ. ಅಣ್ಣ ಅವನ ಬೆನ್ನ ಮೇಲೆ ಕೈಯಿಟ್ಟ.

“ಕಥೆಗಳನ್ನೂ ಕೇಳಿದೀನಿ ಕಣೋ. ನಾನಿರೋ ಸಿದ್ಧ ಉಡುಪಿನ ಕಾರ್ಖಾನೇಲಿ ದಿನವಿಡೀ ರೇಡಿಯೋ ಹಾಕಿರ್ತಾರೆ. ಯಾರ ಕಥೆ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ಒಂದು ವಾರಾನೂ ಬಿಟ್ಟಿಲ್ಲ. ಸಾಕು ಬಿಡು ಇನ್ನ, ಬೇರೆ ಏನಾದ್ರೂ ಹೇಳು.” ಆಮೇಲೆ ಎದ್ದು ಚೀಲ ಹೆಗಲಿಗೆ ಹಾಕಿಕೊಂಡ. “ನಡಿ. ಅಮ್ಮನ್ನ ನೋಡ್ಬೇಕು.”

ಸಮಯಪ್ಪ ಏಳಲಿಲ್ಲ. ಅಮ್ಮ ಇಲ್ಲ ಎಂದು ಹೇಳಬೇಕಾಯಿತು. ಎರಡು ವರ್ಷವಾಯಿತು, ಜ್ವರ, ಎಂಟೇ ದಿನ ಮಲಗಿದ್ದಳು ಎಂದ.

ಅಣ್ಣ ಚೀಲವನ್ನು ಮತ್ತೆ ಕೆಳಗಿಟ್ಟ. ಕೇಳಿದ: “ರೇಡಿಯೋದಲ್ಲಿ ಹೇಳಲಿಲ್ವಲ್ಲ ನೀನು?”

“ನಮ್ಮಂಥವರ ಸಾವು ಅಲ್ಲಿ ಓದೋಹಾಗಿಲ್ಲ ಅಣ್ಣಾ, ನಿಯಮ.”

“ಆ ವಾರ ಯಾರು ಬಂದಿದ್ರು, ನಿನ್ನ ಬದಲಿಗೆ?”

“ನಾನೇ ಬಂದೆ. ಅಮ್ಮ ಹೋದ ಮೂರನೇ ದಿನ. ತಪ್ಪಿಸಿಕೊಂಡ್ರೆ ನೀನು ಕೇಳೋದನ್ನೇ ಬಿಟ್ಟುಬಿಡ್ತೀಯೇನೋ ಅಂತ ಭಯ.”

“ಯಾವ ಕಥೆ?”

“ಛತ್ರಿ ಕಥೆ.”

ಅಣ್ಣ ಬೆಂಚಿನ ಮೇಲೆ ಕೂತುಬಿಟ್ಟ. “ಅವತ್ತು,” ಎಂದ, “ಕಾರ್ಖಾನೇಲಿ ಎಲ್ಲರಿಗಿಂತ ಹೆಚ್ಚು ನಕ್ಕಿದ್ದು ನಾನು.”